ಬೆಲ್ಲನ ಹೊಟ್ಟೆ, ನಮ್ಮ ಮನೆಯ ಕ್ಯಾಲೆಂಡರ್

ನಮ್ಮ ಶಾಲೆಯ ವಾರ್ಷಿಕ ಸಂಚಿಕೆಗೆ ಕನ್ನಡ ವಿಭಾಗದಿಂದ ಒಂದು ಲೇಖನ ಬೇಕು ಎಂದಾಗಲೆಲ್ಲ ನಾವು ಹಬ್ಬದ ಬಗ್ಗೆಯೋ, ವರ್ಣಮಾಲೆಯ ಬಗ್ಗೆಯೋ, ಮಕ್ಕಳಿಗೆ ಮಾತೃಭಾಷೆ ಏಕೆ ಬೇಕು ಎಂಬುದರ ಬಗ್ಗೆಯೋ ಬರೆದುಕೊಟ್ಟು ನಿಶ್ಚಿಂತರಾಗುತ್ತಿದ್ದೆವು. ಈ ಸಲ ಹಾಗಾಗಲಿಲ್ಲ. "ಯಾವ ವಿಷಯ ಬರೆಯೋಣ, ಮಕ್ಕಳೇ?" ಎಂದು ತರಗತಿಯಲ್ಲಿ ಕೇಳಿದ್ದೇ ತಪ್ಪಾಯಿತು. ಹಿಂದಿನ ಸಾಲಿನಿಂದ "ಬೆಲ್ಲನ ಕಕ್ಕ!" ಎಂದು ಒಂದು ದನಿ ಬಂತು. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾವೂ ನಕ್ಕೆವು. ಮನೆಗೆ ಬಂದು ಯೋಚಿಸಿದಾಗ, ಬರೆದರೆ ಇದನ್ನೇ ಬರೆಯಬೇಕು ಅನ್ನಿಸಿತು.

ಬೆಲ್ಲ ನಮ್ಮ ಮನೆಯ ಬೆಕ್ಕು. ಆಲೆಮನೆಯಲ್ಲಿ ಆಗತಾನೇ ಅಚ್ಚಿಗೆ ಹೊಯ್ದ ಬೆಲ್ಲದ ಬಣ್ಣ, ಅದಕ್ಕೇ ಆ ಹೆಸರು. ಈಗ ಹತ್ತು ವರ್ಷ ದಾಟಿದ ಗಂಡು ಬೆಕ್ಕು. ಅವನಿಗಿರುವ ತೊಂದರೆಯನ್ನು ಪುಸ್ತಕದ ಕನ್ನಡದಲ್ಲಿ ಮಲಬದ್ಧತೆ ಎನ್ನುತ್ತಾರೆ, ಮನೆಯ ಮಾತಿನಲ್ಲಿ ಹೊಟ್ಟೆ ಕಟ್ಟಿಕೊಳ್ಳುವುದು. ಒಮ್ಮೆ ಬಂದು ಹೋಗುವಂಥದ್ದಲ್ಲ, ಮತ್ತೆ ಮತ್ತೆ ಬರುವಂಥದ್ದು. ನಾಲ್ಕು ಜನರ ಮುಂದೆ ಆಡಲು ಸಂಕೋಚವಾಗುವ ಮಾತು ಇದು, ನಿಜ. ಆದರೆ ಇದೇ ವಿಷಯಕ್ಕೆ ನಾವು ಮೂರು ಊರುಗಳಲ್ಲಿ ಮೂರು ಸಲ ಕಣ್ಣೀರು ಹಾಕಿದ್ದೇವೆ.

ಮೊದಲ ಊರು ಅಟ್ಲಾಂಟಾ. 2016ರಲ್ಲಿ ನಾವು ಆ ನಗರದ ಉತ್ತರಕ್ಕಿರುವ ಆಲ್ಫರೆಟ್ಟಾದಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಮಗಳಿಗೆ ಆಗ ಎರಡು ವರ್ಷ. ಅನಾಥ ಪ್ರಾಣಿಗಳನ್ನು ಸಾಕುವ ಒಂದು ಕೇಂದ್ರದಿಂದ ಬೆಲ್ಲನನ್ನು ತಂದೆವು. ಬೀದಿಯಲ್ಲಿ ಸಿಕ್ಕವನು, ಹಿಂದೆ ಯಾವಾಗಲೋ ಕಾರಿಗೆ ಸಿಕ್ಕಿ ಸೊಂಟಕ್ಕೆ ಪೆಟ್ಟಾಗಿದ್ದಿರಬಹುದು ಎಂದು ಅಲ್ಲಿಯವರು ಹೇಳಿದ್ದರು. ನಡೆಯುವಾಗ ಸ್ವಲ್ಪ ಓರೆ. ಆ ಮಾತಿಗೆ ನಾವು ಬೆಲೆ ಕೊಡಲಿಲ್ಲ. ಶಿವಮೊಗ್ಗ ಜಿಲ್ಲೆಯ ನಮ್ಮ ಹಳ್ಳಿಯ ಮನೆಯಲ್ಲಿ ಬೆಕ್ಕುಗಳಿಗೆ ಬರವಿರಲಿಲ್ಲ. ಅಟ್ಟದ ಮೇಲೆ ಇಲಿ ಹಿಡಿಯುವುದು, ಒಲೆಯ ಬೆಚ್ಚಗಿನ ಬೂದಿಯಲ್ಲಿ ಮಲಗುವುದು, ಹಿತ್ತಿಲಿಗೆ ಹೋಗಿ ಮಣ್ಣು ಕೆದಕಿ, ಮುಚ್ಚಿ ಬರುವುದು. ಅದು ಹೋಯಿತೇ, ಇಲ್ಲವೇ ಎಂದು ನೋಡಿದವರು ಯಾರಿದ್ದಾರೆ? ಬೆಕ್ಕು ಸಾಕುವುದೆಂದರೆ ನಮಗೆ ಗೊತ್ತಿದ್ದದ್ದು ಅಷ್ಟೇ.

2017ರ ಬೇಸಿಗೆಯಲ್ಲಿ ಒಂದು ದಿನ ಬೆಲ್ಲ ತನ್ನ ಲಿಟರ್ ಬಾಕ್ಸಿಗೆ ಹತ್ತು ಸಲ ಹೋದ. ಕುಳಿತ, ಮುಕ್ಕಿದ, ಸಣ್ಣಗೆ ಅತ್ತ, ಎದ್ದು ಬಂದ. ಹೋಗಿ ನೋಡಿದರೆ ಒಂದಿಷ್ಟು ನೀರಿನಂಥದ್ದು ಮಾತ್ರ. "ಭೇದಿ ಆಗಿದೆ" ಎಂದು ನಾವೇ ವೈದ್ಯರಾದೆವು. ಹಸಿ ಆಹಾರ ನಿಲ್ಲಿಸಿದೆವು, ಗರಿಗರಿ ಒಣ ಕಾಳು ಮಾತ್ರ ಇಟ್ಟೆವು, ಮಕ್ಕಳಿಗೆ ಕೊಡುವಂತೆ ಒಂದು ಚಮಚ ಮೊಸರನ್ನವನ್ನೂ ಕಲಸಿಟ್ಟೆವು. ಮೂರನೆಯ ದಿನ ಅವನು ವಾಂತಿ ಮಾಡಿಕೊಂಡು ಬಚ್ಚಲುಮನೆಯ ಕಪಾಟಿನ ಹಿಂದೆ ಹೋಗಿ ಕುಳಿತ. ಕರೆದರೂ ಬರಲಿಲ್ಲ.

ಪಶುವೈದ್ಯೆ ಅವನ ಹೊಟ್ಟೆಯನ್ನು ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿ, ನಮ್ಮನ್ನು ಒಳಗೆ ಕರೆದು ತೋರಿಸಿದರು. ದೊಡ್ಡ ಕರುಳಿನ ತುಂಬ ಕಲ್ಲು ಜೋಡಿಸಿಟ್ಟಂತೆ ಗಟ್ಟಿಯಾದ ಮಲ. ಅದು ಕದಲಲಾರದೆ ಕುಳಿತಾಗ ಪಕ್ಕದ ಸಂದಿಯಿಂದ ನುಸುಳಿ ಬಂದ ಚೂರು ದ್ರವವನ್ನೇ ನಾವು ಭೇದಿ ಎಂದುಕೊಂಡಿದ್ದೆವು. ಅಂದರೆ ರೋಗ ಒಂದು, ನಾವು ಮಾಡಿದ್ದು ಅದಕ್ಕೆ ಪೂರ್ತಿ ವಿರುದ್ಧವಾದ ಆರೈಕೆ! ನೀರು ಬೇಕಾಗಿದ್ದ ಪ್ರಾಣಿಗೆ ನೀರನ್ನೇ ಕಡಿಮೆ ಮಾಡಿದ್ದೆವು.

ಇದು ಹೇಗಾಗುತ್ತದೆ ಎಂಬುದನ್ನು ಮಕ್ಕಳಿಗೆ ಹೇಳುವಾಗ ನಾವು ಬೆರಣಿಯ ಉದಾಹರಣೆ ಕೊಡುತ್ತೇವೆ. ಹಸಿ ಸಗಣಿಯನ್ನು ಗೋಡೆಗೆ ತಟ್ಟಿದರೆ ಮೊದಲ ದಿನ ಮೆತ್ತಗಿರುತ್ತದೆ. ದಿನ ಕಳೆದಂತೆ ನೀರೆಲ್ಲ ಆರಿ ಸೌದೆಯಂತೆ ಗಟ್ಟಿಯಾಗುತ್ತದೆ. ಅಲ್ಲಿ ಬಿಸಿಲು ಮಾಡುವ ಕೆಲಸವನ್ನು ಹೊಟ್ಟೆಯೊಳಗೆ ದೊಡ್ಡ ಕರುಳು ಮಾಡುತ್ತದೆ. ಮಲದಲ್ಲಿ ಉಳಿದ ನೀರನ್ನು ಹೀರಿ ದೇಹಕ್ಕೆ ವಾಪಸು ಕೊಡುವುದು ಅದರ ಕೆಲಸ. ಮಲ ಅಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಹೆಚ್ಚು ಒಣಗುತ್ತದೆ, ಒಣಗಿದಷ್ಟೂ ಹೊರಬರುವುದು ಕಷ್ಟ, ಕಷ್ಟವಾದಷ್ಟೂ ಬೆಕ್ಕು ತಡೆದುಕೊಳ್ಳುತ್ತದೆ. ಹೀಗೆ ಹಿಗ್ಗಿ ಹಿಗ್ಗಿ ಕೊನೆಗೆ ಕರುಳು ಹಳೆಯ ಲಂಗದ ಎಲಾಸ್ಟಿಕ್‌ನಂತೆ ಬಿಗಿ ಕಳೆದುಕೊಂಡುಬಿಟ್ಟರೆ ಅದನ್ನು ಮೆಗಾಕೋಲನ್ ಎನ್ನುತ್ತಾರೆ. ಮೂತ್ರಪಿಂಡದ ತೊಂದರೆ, ದೇಹದಲ್ಲಿ ನೀರು ಅಥವಾ ಪೊಟ್ಯಾಸಿಯಂ ಕಡಿಮೆಯಾಗುವುದು, ಬೊಜ್ಜು, ವಯಸ್ಸಾದ ಬೆಕ್ಕಿನ ಕೀಲುನೋವು, ಎಲ್ಲವೂ ಇದಕ್ಕೆ ಕಾರಣವಾಗಬಹುದು. ನಮ್ಮ ಬೆಲ್ಲನ ಕಾರಣ ಎಕ್ಸ್‌ರೇಯಲ್ಲೇ ಕಾಣುತ್ತಿತ್ತು. ಹಿಂದೆ ಮುರಿದಿದ್ದ ಸೊಂಟದ ಮೂಳೆ ಸೊಟ್ಟಗೆ ಕೂಡಿಕೊಂಡು ದಾರಿಯೇ ಕಿರಿದಾಗಿತ್ತು.

ಅರಿವಳಿಕೆ ಕೊಟ್ಟು, ರಕ್ತನಾಳಕ್ಕೆ ದ್ರವ ಏರಿಸಿ, ಬೆಚ್ಚಗಿನ ನೀರಿನ ಎನಿಮಾ ಕೊಟ್ಟು, ಕೈಯಿಂದಲೇ ಸ್ವಲ್ಪ ಸ್ವಲ್ಪವಾಗಿ ಹೊರತೆಗೆದರು. ಎರಡು ದಿನ ಆಸ್ಪತ್ರೆ. ಬಿಲ್ಲು ನಮ್ಮ ಒಂದು ತಿಂಗಳ ಮನೆ ಬಾಡಿಗೆಯ ಹತ್ತಿರ ಬಂತು. ಆದರೆ ಅಂದು ಕಣ್ಣಲ್ಲಿ ನೀರು ಬಂದದ್ದು ಬಿಲ್ಲಿಗಲ್ಲ. ಮೂರು ದಿನ ಅವನು ತನಗೆ ಗೊತ್ತಿದ್ದ ರೀತಿಯಲ್ಲಿ ಹೇಳುತ್ತಲೇ ಇದ್ದ, ನಾವು ಬೇರೇನೋ ಕೇಳಿಸಿಕೊಂಡಿದ್ದೆವು. ಬಿ.ಎ., ಬಿ.ಎಡ್. ಮಾಡಿ, ಭಾಷೆ ಕಲಿಸುವುದೇ ಕಸುಬಾದ ನಮಗೆ ಅದು ದೊಡ್ಡ ಪಾಠ. ಹೊರಡುವಾಗ ವೈದ್ಯೆ ಒಂದು ಮಾತು ಹೇಳಿದರು. "ಇದು ಗುಣವಾಗಿ ಹೋಗುವ ಕಾಯಿಲೆಯಲ್ಲ, ದಿನವೂ ನೋಡಿಕೊಳ್ಳಬೇಕಾದ ಕಾಯಿಲೆ."

ನೋಡಿಕೊಳ್ಳುವುದು ನೀರಿನಿಂದ ಶುರುವಾಯಿತು. ಬೆಕ್ಕಿನ ಪೂರ್ವಜರು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಒಣ ನೆಲದ ಕಾಡುಬೆಕ್ಕುಗಳು. ಹಿಡಿದು ತಿಂದ ಇಲಿ, ಹಕ್ಕಿಗಳ ಮೈಯಲ್ಲಿದ್ದ ನೀರೇ ಅವುಗಳ ಮುಖ್ಯ ನೀರು. ಹೀಗಾಗಿ ಬೆಕ್ಕಿಗೆ ಬಾಯಾರಿಕೆ ಕಡಿಮೆ. ಒಣ ಕಾಳಿನಲ್ಲಿರುವ ನೀರಿನಂಶ ನೂರಕ್ಕೆ ಹತ್ತರಷ್ಟು, ಡಬ್ಬಿಯ ಹಸಿ ಆಹಾರದಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು. ಒಣ ಕಾಳು ತಿಂದ ಬೆಕ್ಕು ಆ ವ್ಯತ್ಯಾಸವನ್ನು ಪೂರ್ತಿ ಕುಡಿದು ತುಂಬಿಸಿಕೊಳ್ಳುವುದಿಲ್ಲ. ಅಂದಿನಿಂದ ನಮ್ಮಲ್ಲಿ ಡಬ್ಬಿಯ ಆಹಾರ, ಅದಕ್ಕೆ ಮತ್ತೆರಡು ಚಮಚ ಬಿಸಿನೀರು. ಮನೆಯ ಮೂರು ಕಡೆ ನೀರಿನ ಬೋಗುಣಿ. ಹಾಲು ಮಾತ್ರ ಇಲ್ಲ. ಬೆಕ್ಕೆಂದರೆ ಹಾಲು ಎಂದೇ ನಾವೆಲ್ಲ ಬೆಳೆದವರು. ಆದರೆ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ಹಾಲು ಕಂಡರೆ ಓಡುತ್ತಿದ್ದ ತೆನಾಲಿ ರಾಮನ ಬೆಕ್ಕಿನ ಕಥೆ ಕೇಳಿ ನಗುವ ಮಕ್ಕಳಿಗೆ ನಾವು ಈಗ ಹೇಳುತ್ತೇವೆ: "ಆ ಬೆಕ್ಕು ಓಡಿದ್ದು ಬಾಯಿ ಸುಟ್ಟಿದ್ದಕ್ಕೆ. ಆದರೆ ಓಡಿದ್ದರಿಂದ ಅದರ ಹೊಟ್ಟೆಗೆ ಒಳ್ಳೆಯದೇ ಆಯಿತು!"

ಎರಡನೆಯ ಊರು ಶಾರ್ಲಟ್. ಯಜಮಾನರ ಕೆಲಸದ ನಿಮಿತ್ತ 2019ರಲ್ಲಿ ನಾವು ಅಲ್ಲಿಗೆ ಹೊರಟೆವು. ಇಂಟರ್‌ಸ್ಟೇಟ್ 85ರಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ದಕ್ಷಿಣ ಕ್ಯಾರೊಲೈನಾದ ಗ್ಯಾಫ್ನಿಯಲ್ಲಿ ಹೆದ್ದಾರಿಯ ಪಕ್ಕ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕ್ ಇದೆ. ಅಲ್ಲಿಯವರೆಗೂ ಬೆಲ್ಲ ತನ್ನ ಪೆಟ್ಟಿಗೆಯಲ್ಲಿ ಒಂದೇ ಸಮನೆ ಕೂಗಿದ, ಟ್ಯಾಂಕ್ ದಾಟಿದ ಮೇಲೆ ಸುಸ್ತಾಗಿ ಮಲಗಿದ. ಹೊಸ ಮನೆಯಲ್ಲಿ ಎರಡು ದಿನ ಹೊಟ್ಟೆ ಕಟ್ಟಿತು, ಮೂರನೆಯ ದಿನ ಸರಿಹೋಯಿತು. ಊರು ಬದಲಾದರೆ, ಮನೆಗೆ ನೆಂಟರು ಬಂದರೆ ಬೆಕ್ಕು ತಡೆದುಕೊಳ್ಳುತ್ತದೆ ಎಂಬುದು ಅಲ್ಲಿ ತಿಳಿಯಿತು. ತಿಳಿದೂ ಮರೆತೆವು.

2020ರ ಏಪ್ರಿಲ್. ಕೊರೊನಾದ ದಿನಗಳು. ಎಲ್ಲರೂ ಮನೆಯಲ್ಲೇ. ಯಜಮಾನರ ಆಫೀಸಿಗೆಂದು ಒಂದು ಕೋಣೆ ಬೇಕಾಯಿತು. ಆ ಕೋಣೆಯ ಮೂಲೆಯಲ್ಲಿದ್ದ ಬೆಲ್ಲನ ಲಿಟರ್ ಬಾಕ್ಸನ್ನು ಬಟ್ಟೆ ಒಗೆಯುವ ಯಂತ್ರದ ಪಕ್ಕಕ್ಕೆ ಸಾಗಿಸಿದೆವು. ವಾಸನೆ ಬರಬಾರದೆಂದು ಮುಚ್ಚಳವಿರುವ ಹೊಸ ಡಬ್ಬಿಯನ್ನೂ ತಂದೆವು. ನಮಗೆ ಅನುಕೂಲವಾಯಿತು. ಅವನಿಗೆ? ಒಳಗೆ ಹೋಗಿ ಕುಳಿತಾಗಲೇ ಡ್ರೈಯರ್ ಗುಡುಗುಟ್ಟುತ್ತಿತ್ತು. ಅವನು ಓಡಿ ಬರುತ್ತಿದ್ದ. ಮಗಳ ಆನ್‌ಲೈನ್ ತರಗತಿ, ನಮ್ಮ ಅಡುಗೆ, ದಿನಸಿಗೆ ಕ್ಯೂ ಎಂಬ ಗಡಿಬಿಡಿಯಲ್ಲಿ ಎಷ್ಟು ದಿನವಾಯಿತೆಂದು ಯಾರೂ ಲೆಕ್ಕ ಇಡಲಿಲ್ಲ. ನೆನಪು ಮಾಡಿಕೊಂಡಾಗ ನಾಲ್ಕು ದಿನವಾಗಿತ್ತು. ರಾತ್ರಿ ಹನ್ನೊಂದು ಗಂಟೆ.

ಆಗ ನಾವು ಮಾಡಲು ಹೊರಟದ್ದನ್ನು ಬರೆಯಲು ಈಗಲೂ ಕೈ ನಡುಗುತ್ತದೆ. ಹೋದ ಸಲ ಆಸ್ಪತ್ರೆಯಲ್ಲಿ ಎನಿಮಾ ಕೊಟ್ಟಿದ್ದರಲ್ಲ, ನಾವೇ ಕೊಟ್ಟರಾಯಿತು ಎಂದು ಯಜಮಾನರು ರಾತ್ರಿ ತೆರೆದಿರುವ ಔಷಧಿ ಅಂಗಡಿಗೆ ಹೋಗಿ ಮನುಷ್ಯರಿಗೆ ಮಾರುವ ಎನಿಮಾ ಬಾಟಲಿ ತಂದರು. ಚಿಕ್ಕದು, ಬೆಲೆಯೂ ಕಡಿಮೆ. ಬೆಲ್ಲನನ್ನು ಟವೆಲ್ಲಿನಲ್ಲಿ ಸುತ್ತಿಯೂ ಆಗಿತ್ತು. ಎಷ್ಟು ಕೊಡಬೇಕೆಂದು ಕೇಳಿಬಿಡೋಣ ಎಂದು ರಾತ್ರಿ ಪಾಳಿಯ ಪ್ರಾಣಿ ಆಸ್ಪತ್ರೆಗೆ ಫೋನ್ ಮಾಡಿದೆವು. ಆ ಕಡೆಯ ಹೆಣ್ಣುಮಗಳು ಬಾಟಲಿಯ ಮೇಲೆ ಏನು ಬರೆದಿದೆ ಓದಿ ಎಂದರು. ಸೋಡಿಯಂ ಫಾಸ್ಫೇಟ್ ಎಂದು ಓದುತ್ತಿದ್ದಂತೆ, "ಕೊಟ್ಟಿದ್ದೀರಾ?" ಎಂದು ಜೋರಾಗಿ ಕೇಳಿದರು. ಇಲ್ಲ ಎಂದೆವು. "ಹಾಗೇ ಕೆಳಗಿಡಿ. ಬೆಕ್ಕನ್ನು ಈಗಲೇ ಕರೆತನ್ನಿ."

ಆ ಎನಿಮಾದ ಫಾಸ್ಫೇಟು ಮತ್ತು ಸೋಡಿಯಂ ಬೆಕ್ಕಿನ ಕರುಳಿನಿಂದ ರಕ್ತಕ್ಕೆ ಸೇರಿ, ರಕ್ತದ ಕ್ಯಾಲ್ಸಿಯಂ ತೀರಾ ಇಳಿದುಹೋಗುತ್ತದೆ. ನಡುಕ, ಸೆಳೆತ, ಕೆಲವೊಮ್ಮೆ ಸಾವು. ಮಲ ತುಂಬಿ ಕುಳಿತ ಕರುಳಿನಲ್ಲಿ ಅದು ಹೆಚ್ಚು ಹೊತ್ತು ಉಳಿಯುವುದರಿಂದ ಅಪಾಯ ಇನ್ನೂ ಹೆಚ್ಚು. ಒಂದು ಫೋನ್ ಕರೆ ಮಾಡದೆ ಇದ್ದಿದ್ದರೆ ನಾವೇ ನಮ್ಮ ಕೈಯಾರೆ ಬೆಲ್ಲನನ್ನು ಕೊಂದಿರುತ್ತಿದ್ದೆವು. ಓದುಗರು ಈ ಲೇಖನದಿಂದ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮನುಷ್ಯರ ಎನಿಮಾ ಬೆಕ್ಕಿಗೆ ಬೇಡವೇ ಬೇಡ.

ಕೊರೊನಾದಿಂದಾಗಿ ಆಸ್ಪತ್ರೆಯೊಳಗೆ ನಮ್ಮನ್ನು ಬಿಡುವಂತಿರಲಿಲ್ಲ. ಕಾರು ನಿಲ್ಲಿಸುವ ಜಾಗದಲ್ಲಿ ಮುಖಗವಸು ಹಾಕಿದ ಒಬ್ಬರು ಬಂದು ಪೆಟ್ಟಿಗೆಯನ್ನು ತೆಗೆದುಕೊಂಡು ಹೋದರು. ಜಾಲರಿಯ ಹಿಂದೆ ಅವನ ಎರಡು ಕಣ್ಣು. ಮಗಳಿಗೆ ಆರು ವರ್ಷ, ಹಿಂದಿನ ಸೀಟಿನಲ್ಲಿ ಕುಳಿತು ಅತ್ತಳು. "ಅವನಿಗೆ ಡ್ರೈಯರ್ ಕಂಡ್ರೆ ಭಯ ಅಂತ ನಾನು ಹೇಳಿದ್ದೆ, ನೀವು ಕೇಳಲಿಲ್ಲ" ಎಂದಳು. ಹೇಳಿದ್ದಳು, ನಿಜ. ಬೆಳಗಿನ ಜಾವ ವೈದ್ಯರು ಫೋನಿನಲ್ಲಿ ಮಾತಾಡಿದರು. ಈ ಸಲ ಉಳಿದಿದ್ದಾನೆ, ಆದರೆ ಪದೇ ಪದೇ ಹೀಗಾದರೆ ಕರುಳಿನ ಶಕ್ತಿ ಪೂರ್ತಿ ಹೋಗುತ್ತದೆ. ಆಗ ದೊಡ್ಡ ಕರುಳಿನ ಬಹುಭಾಗವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ, ಇಲ್ಲವೇ ಅವನಿಗೆ ಶಾಶ್ವತ ನಿದ್ರೆ ಕೊಡುವ ತೀರ್ಮಾನ. ಎರಡಕ್ಕೂ ಮನಸ್ಸು ಸಿದ್ಧವಿರಲಿ ಎಂದರು.

ಅಲ್ಲಿಂದ ಔಷಧಿಗಳು ಸೇರಿಕೊಂಡವು. ಒಂದು ಲ್ಯಾಕ್ಟುಲೋಸ್ ಎಂಬ ಸಿಹಿ ಪಾಕ. ಅದು ದೇಹಕ್ಕೆ ಜೀರ್ಣವಾಗದ ಸಕ್ಕರೆ. ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಿಡುತ್ತದೆ. ಹೆಸರೇ ಬೆಲ್ಲ, ಆದರೆ ಸಿಹಿ ಅವನಿಗೆ ಆಗದು! ಬೆಕ್ಕಿನ ನಾಲಿಗೆಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲವಂತೆ, ಅಂಟು ಮಾತ್ರ ತಿಳಿಯುತ್ತದೆ. ಅವನಿಗೆ ಕೊಡುವಷ್ಟರಲ್ಲಿ ನಮ್ಮ ಕೈ, ಗಡ್ಡ, ಸೀರೆಯ ಸೆರಗು ಎಲ್ಲ ಪಾಕವಾಗುತ್ತಿತ್ತು. ಕೆಲವು ತಿಂಗಳ ನಂತರ ವೈದ್ಯರು ಪಾಲಿಎಥಿಲೀನ್ ಗ್ಲೈಕಾಲ್ 3350 ಎಂಬ ಬಿಳಿ ಪುಡಿಗೆ ಬದಲಾಯಿಸಿದರು. ಅದರ ಕೆಲಸವೂ ನೀರು ಹಿಡಿದಿಡುವುದೇ. ರುಚಿ, ವಾಸನೆ ಇಲ್ಲ, ಹಸಿ ಆಹಾರದಲ್ಲಿ ಕಲಸಿದರೆ ಗೊತ್ತೇ ಆಗುವುದಿಲ್ಲ. ಜೊತೆಗೆ ಕರುಳಿಗೆ ಚಲನೆ ಕೊಡುವ ಸಿಸಪ್ರೈಡ್. ಹೃದಯ ಬಡಿತದ ಏರುಪೇರಿನ ಕಾರಣಕ್ಕೆ 2000ದಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆ ಅದನ್ನು ಮಾರುವುದು ನಿಂತಿತು. ಬೆಕ್ಕುಗಳಿಗೆ ಮಾತ್ರ, ವೈದ್ಯರ ಚೀಟಿಯ ಮೇಲೆ, ಔಷಧಿಯನ್ನು ತಾವೇ ತಯಾರಿಸಿಕೊಡುವ ವಿಶೇಷ ಅಂಗಡಿಗಳಲ್ಲಿ ಸಿಗುತ್ತದೆ. ಯಾವುದು ಎಷ್ಟು ಎಂಬುದನ್ನು ನಾವಿಲ್ಲಿ ಬರೆಯುವುದಿಲ್ಲ. ಅದು ಬೆಕ್ಕಿನಿಂದ ಬೆಕ್ಕಿಗೆ ಬೇರೆ, ವೈದ್ಯರೇ ಹೇಳಬೇಕು.

ಮುಚ್ಚಳದ ಡಬ್ಬಿ ಹೊರಗೆ ಹೋಯಿತು. ಎಷ್ಟು ಬೆಕ್ಕುಗಳಿವೆಯೋ ಅದಕ್ಕಿಂತ ಒಂದು ಡಬ್ಬಿ ಹೆಚ್ಚಿರಬೇಕು ಎಂಬುದು ಬಲ್ಲವರ ನಿಯಮ. ಹೀಗಾಗಿ ಒಬ್ಬ ಬೆಲ್ಲನಿಗೆ ಎರಡು ಡಬ್ಬಿ, ಅಗಲವಾದವು, ಹತ್ತಲು ಸುಲಭವಾಗಿ ಅಂಚು ತಗ್ಗಾಗಿರುವಂಥವು, ಗದ್ದಲವಿಲ್ಲದ ಮೂಲೆಯಲ್ಲಿ. ಯಜಮಾನರ ಆಫೀಸು ಊಟದ ಮೇಜಿಗೆ ಬಂತು, ಬೆಲ್ಲನ ಕೋಣೆ ಬೆಲ್ಲನಿಗೇ ಉಳಿಯಿತು.

ಕ್ಯಾಲೆಂಡರ್ ಶುರುವಾದದ್ದೂ ಆಗಲೇ. ಪ್ರತಿ ವರ್ಷ ಊರಿನಿಂದ ಅಮ್ಮ ಯಾರ ಕೈಯಲ್ಲಾದರೂ ಕನ್ನಡ ಗೋಡೆ ಕ್ಯಾಲೆಂಡರ್ ಕಳಿಸುತ್ತಾರೆ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುವಂಥದ್ದು. ಅದರ ಪ್ರತಿ ಚೌಕದಲ್ಲಿ ಬರೆಯುವ ಜವಾಬ್ದಾರಿಯನ್ನು ಮಗಳು ವಹಿಸಿಕೊಂಡಳು. ಆಗತಾನೇ ಅಕ್ಷರ ಕಲಿಯುತ್ತಿದ್ದವಳು. ಎರಡೇ ಅಕ್ಷರ, "ಕ" ಎಂದರೆ ಕಕ್ಕ, "ಉ" ಎಂದರೆ ಉಚ್ಚೆ, ಪಕ್ಕದಲ್ಲಿ ಕನ್ನಡದ ಅಂಕಿ. "ಕ ೧, ಉ ೨" ಎಂದಿದ್ದರೆ ಮನೆಯಲ್ಲಿ ನೆಮ್ಮದಿ. "ಕ" ಒಂದು ದಿನ ಇಲ್ಲದಿದ್ದರೆ ಇನ್ನೆರಡು ಚಮಚ ನೀರು, ಬ್ರಷ್ಷಿನಿಂದ ಮೈ ಬಾಚುವುದು, ದಾರ ಎಳೆದು ಆಟವಾಡಿಸುವುದು. ಎರಡು ದಿನ ಇಲ್ಲದಿದ್ದರೆ ವೈದ್ಯರಿಗೆ ಫೋನ್. ಕಾಪಿ ಬರೆಯಲು ಗೋಗರೆಯಬೇಕಾಗಿದ್ದ ಹುಡುಗಿ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲಿ ಬೆಲ್ಲನ ಲೆಕ್ಕವನ್ನು ಒಂದು ದಿನವೂ ತಪ್ಪದೆ ಬರೆದಳು. ಅಂಕಿಗಳನ್ನು ನಾವು ಕಲಿಸಬೇಕಾಗಿಯೇ ಬರಲಿಲ್ಲ.

ಮೂರನೆಯ ಊರು ನಾವೀಗ ಇರುವ ಮೇರಿಲ್ಯಾಂಡ್. 2022ರಲ್ಲಿ 85ರಲ್ಲಿಯೇ ಉತ್ತರಕ್ಕೆ ಹೊರಟು, ವರ್ಜೀನಿಯಾದ ಪೀಟರ್ಸ್‌ಬರ್ಗ್ ಬಳಿ 95 ಹಿಡಿದು, ವಾಷಿಂಗ್ಟನ್ ಸುತ್ತುಬಳಸಿ ಬಂದೆವು. ಈ ಸಲ ಬುದ್ಧಿ ಬಂದಿತ್ತು. ಹೊಸ ಮನೆಯಲ್ಲಿ ಮೊದಲು ಬಿಚ್ಚಿದ ಸಾಮಾನು ದೇವರ ಪೆಟ್ಟಿಗೆ, ಎರಡನೆಯದು ಬೆಲ್ಲನ ಹಳೆಯ ಡಬ್ಬಿ, ಹಳೆಯ ಮಣ್ಣಿನ ಸಮೇತ!

2023ರ ಆಗಸ್ಟಿನಲ್ಲಿ ಅಮ್ಮ ಬಂದರು. ಗೋಡೆಯ ಮೇಲಿನ ಲೆಕ್ಕ ಕಂಡು ಮೂಗಿನ ಮೇಲೆ ಬೆರಳಿಟ್ಟರು. "ಅಲ್ಲ ಕಣೇ, ನಿನ್ನ ಮಗಳದ್ದನ್ನೂ ಇಷ್ಟು ನೋಡಿರಲಿಲ್ಲವಲ್ಲೇ ನೀನು! ಒಂದು ಚಮಚ ಹರಳೆಣ್ಣೆ ಹಾಕು, ಬೆಳಗಾಗುವಷ್ಟರಲ್ಲಿ ಸರಿಹೋಗುತ್ತೆ" ಎಂದರು. ನಮ್ಮ ಬಾಲ್ಯದಲ್ಲಿ ಪ್ರತಿ ಬೇಸಿಗೆ ರಜೆಯಲ್ಲಿ ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆ ಅದು, ಮರೆಯುವುದುಂಟೇ? ಬೆಕ್ಕಿಗೆ ಬಲವಂತವಾಗಿ ಎಣ್ಣೆ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಭಯ, ಕಟ್ಟಿಕೊಂಡ ಕರುಳಿಗೆ ಭೇದಿಯ ಔಷಧಿ ಕೊಟ್ಟರೆ ಹಿಂಸೆ ಎಂದು ವಿವರಿಸಿದೆವು. ಅಮ್ಮ ಬಿಡುವವರೇ? ಚೀಲದಿಂದ ಇಸಬ್‌ಗೋಲ್ ಹೊರಬಂತು. ಆಶ್ಚರ್ಯವೆಂದರೆ ಅದು ತಪ್ಪಾಗಿರಲಿಲ್ಲ. ಇಸಬ್‌ಗೋಲಿನ ಹೊಟ್ಟು ಸೇರಿಸಿದ ಆಹಾರವನ್ನು ಇಲ್ಲಿಯ ವೈದ್ಯರೂ ಕೆಲವು ಬೆಕ್ಕುಗಳಿಗೆ ಹೇಳುತ್ತಾರೆ, ಕೆಲವರು ಮಸಾಲೆಯಿಲ್ಲದ ಬೇಯಿಸಿದ ಸಿಹಿಗುಂಬಳವನ್ನೂ ಕೊಡುತ್ತಾರೆ. ಆದರೆ ನಾರು ಮಲದ ಗಾತ್ರವನ್ನು ಹೆಚ್ಚಿಸುತ್ತದೆ. ಬೆಲ್ಲನಂತೆ ದಾರಿಯೇ ಕಿರಿದಾಗಿರುವವರಿಗೆ ಅದು ಉಪಕಾರದ ಬದಲು ಅಪಕಾರ. "ಹಾಗಾದರೆ ಇದು ನನಗೇ ಇರಲಿ ಬಿಡು" ಎಂದು ಅಮ್ಮ ಪೊಟ್ಟಣವನ್ನು ಒಳಗಿಟ್ಟರು.

ನೀರಿನ ವಿಷಯದಲ್ಲಿ ಮಾತ್ರ ಗೆದ್ದವರು ಅಮ್ಮನೇ. ನಾವು ಇಟ್ಟ ಬೋಗುಣಿಗಳನ್ನು ಬಿಟ್ಟು ಬೆಲ್ಲ ದೇವರ ಮುಂದಿನ ಪಂಚಪಾತ್ರೆಯ ನೀರನ್ನು ಕುಡಿಯುತ್ತಿದ್ದ. ಮೊದಲ ದಿನ ಅಮ್ಮ ಗದರಿದರು. ಆಮೇಲೆ ಬೆಳಿಗ್ಗೆ ಪೂಜೆಯಾದ ಮೇಲೆ ಇನ್ನೊಂದು ಪುಟ್ಟ ತಾಮ್ರದ ಲೋಟದಲ್ಲಿ ತಾಜಾ ನೀರು ತುಂಬಿ, "ತಗೊಳ್ಳಪ್ಪ, ನಿನ್ನ ತೀರ್ಥ" ಎಂದು ಪಕ್ಕದಲ್ಲೇ ಇಡತೊಡಗಿದರು. ಬೆಲ್ಲ ಅದನ್ನು ಖಾಲಿ ಮಾಡತೊಡಗಿದ.

2024ರ ಜನವರಿ, ಶನಿವಾರ ಸಂಜೆ. ಹೊರಗೆ ಹಿಮ ಬೀಳುತ್ತಿತ್ತು. ಬೆಲ್ಲ ಡಬ್ಬಿಗೆ ಹೋದ, ಮುಕ್ಕಿದ, ಬಂದ, ಮತ್ತೆ ಹೋದ. ಕೂಗಿದ. "ಮತ್ತೆ ಅದೇ ಶುರುವಾಯಿತು" ಎಂದುಕೊಂಡು ನಾವು ಪುಡಿಯ ಡಬ್ಬಿ ತೆಗೆದೆವು. ಇವತ್ತು ಒಂದಿಷ್ಟು ಹೆಚ್ಚು ಕೊಟ್ಟು, ಸೋಮವಾರ ವೈದ್ಯರಿಗೆ ತೋರಿಸಿದರಾಯಿತು ಎಂದು ಮಾತಾಡಿಕೊಂಡೆವು. ಆಗ ಮಗಳು ಕ್ಯಾಲೆಂಡರಿನ ಮುಂದೆ ನಿಂತು ಹೇಳಿದಳು: "ಅಮ್ಮಾ, ಬೆಳಿಗ್ಗೆ ಕ ಇದೆ. ಉ ಇಲ್ಲ. ನಿನ್ನೆ ರಾತ್ರಿಯಿಂದ ಉ ಇಲ್ಲ."

ನಾವು ಎರಡೂ ಡಬ್ಬಿಗಳ ಮಣ್ಣನ್ನು ಕೆದಕಿ ನೋಡಿದೆವು. ಒಂದೂ ಹೆಂಟೆಯಿಲ್ಲ, ಒಣಗಿತ್ತು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಸಣ್ಣ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ನಿಂತುಬಿಡುತ್ತದೆ. ಹೊರಗಿನಿಂದ ನೋಡುವವರಿಗೆ ಅದೂ ಮಲಬದ್ಧತೆಯಂತೆಯೇ ಕಾಣುತ್ತದೆ: ಅದೇ ಕುಳಿತುಕೊಳ್ಳುವುದು, ಅದೇ ಮುಕ್ಕುವುದು. ಆದರೆ ಅದಕ್ಕೆ ಇರುವ ಸಮಯ ದಿನಗಳ ಲೆಕ್ಕದ್ದಲ್ಲ, ಗಂಟೆಗಳ ಲೆಕ್ಕದ್ದು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಹಿಮದಲ್ಲಿಯೇ ಕಾರು ತೆಗೆದೆವು. ಅಮ್ಮ ಮುಂದಿನ ಸೀಟಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ರಾಘವೇಂದ್ರ ಸ್ವಾಮಿಗಳನ್ನು ನೆನೆದರು. ಆಸ್ಪತ್ರೆಯಲ್ಲಿ ತಕ್ಷಣ ಮೂತ್ರನಾಳಕ್ಕೆ ಕೊಳವೆ ಹಾಕಿದರು. ಮೂರು ದಿನ ಇಟ್ಟುಕೊಂಡರು. ಸೋಮವಾರದವರೆಗೆ ಕಾದಿದ್ದರೆ ಅವನು ಇರುತ್ತಿರಲಿಲ್ಲ ಎಂದು ವೈದ್ಯರು ಹೇಳಿದಾಗ ನಾವು ಮೂರನೆಯ ಸಲ ಅತ್ತೆವು. ಮಗಳು ಅಳಲಿಲ್ಲ. "ನಿಮಗೆ ಹೇಗೆ ಗೊತ್ತಾಯಿತು?" ಎಂದು ವೈದ್ಯರು ಕೇಳಿದ್ದಕ್ಕೆ ಅವಳು ಫೋನಿನಲ್ಲಿ ತೆಗೆದಿದ್ದ ಕ್ಯಾಲೆಂಡರಿನ ಚಿತ್ರವನ್ನೇ ತೋರಿಸಿದಳು. ಅವರಿಗೆ ಅಕ್ಷರ ಓದಲು ಬರಲಿಲ್ಲ. ಅವಳೇ ಓದಿ ಹೇಳಿದಳು.

ಆ ರಾತ್ರಿ ಮನೆಗೆ ಬಂದ ಮೇಲೆ ಅಮ್ಮ ಕ್ಯಾಲೆಂಡರಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದರು. ಮರುದಿನದಿಂದ "ಪುಟ್ಟಿ, ಬರೆದೆಯೇನೇ?" ಎಂದು ನೆನಪಿಸುವವರು ಅವರೇ ಆದರು. ಈಗಲೂ ಊರಿನಿಂದ ಫೋನ್ ಮಾಡಿದಾಗ ಮೊದಲ ಪ್ರಶ್ನೆ ಮೊಮ್ಮಗಳ ಬಗ್ಗೆ, ಎರಡನೆಯದು "ಬೆಲ್ಲನಿಗೆ ಹೋಯಿತಾ?" ಮಗಳಿಗೆ ದೊಡ್ಡವಳಾದ ಮೇಲೆ ಪಶುವೈದ್ಯೆಯಾಗುವ ಆಸೆ. ನಮ್ಮ ಮಕ್ಕಳಲ್ಲಿ ಅಂಥ ಆಸೆಯಿರುವವರು ಇನ್ನೂ ಇರಬಹುದು. ಇಲ್ಲಿ ವರ್ಜೀನಿಯಾ ಮತ್ತು ಮೇರಿಲ್ಯಾಂಡ್ ಎರಡೂ ಸೇರಿ ನಡೆಸುವ ಪಶುವೈದ್ಯಕೀಯ ಕಾಲೇಜಿದೆ, ರಾಲಿಯಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್, ಅಥೆನ್ಸಿನಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯಗಳ ಕಾಲೇಜುಗಳಿವೆ, ನಮ್ಮ ಕಡೆ ಹೆಬ್ಬಾಳ, ಬೀದರ್, ಶಿವಮೊಗ್ಗಗಳಲ್ಲಿಯೂ ಇವೆ. ಡಾಕ್ಟರ್ ಎಂದರೆ ಮನುಷ್ಯರ ಡಾಕ್ಟರೇ ಆಗಬೇಕೆಂದು ಪೋಷಕರು ಹಟ ಹಿಡಿಯದಿರಲಿ ಎಂದು ನಮ್ಮ ವಿನಂತಿ.

ಪ್ರಿಯ ಪೋಷಕರೇ, ನಿಮ್ಮ ಮನೆಯಲ್ಲೂ ಮಗು ಬೆಕ್ಕು ಬೇಕೆಂದು ಹಟ ಮಾಡುತ್ತಿದ್ದರೆ ಬೇಡ ಎನ್ನಬೇಡಿ. ಆದರೆ ಫೋಟೋ ತೆಗೆದುಕೊಳ್ಳುವುದು ಮಗುವಿನ ಪಾಲು, ಡಬ್ಬಿ ತೆಗೆಯುವುದು ಅಪ್ಪ ಅಮ್ಮನ ಪಾಲು ಎಂದು ಮಾಡಬೇಡಿ. ಆರೋಗ್ಯವಾಗಿರುವ ಬೆಕ್ಕು ಸಾಮಾನ್ಯವಾಗಿ ದಿನಕ್ಕೊಮ್ಮೆ ಹೋಗುತ್ತದೆ. ಎರಡು ದಿನ ಹೋಗದಿದ್ದರೆ, ಮುಕ್ಕಿ ಅತ್ತರೆ, ವಾಂತಿ ಮಾಡಿಕೊಂಡರೆ, ಊಟ ಬಿಟ್ಟರೆ ವೈದ್ಯರಿಗೆ ಹೇಳಿ. ಗಂಡು ಬೆಕ್ಕಿಗೆ ಮೂತ್ರ ಹೋಗದಿದ್ದರೆ ಆ ಕ್ಷಣವೇ ಹೊರಡಿ. ಮನೆಮದ್ದಿಗೆ ಕೈಹಾಕುವ ಮೊದಲು ಒಂದು ಫೋನ್ ಮಾಡಿ.

ಮಕ್ಕಳೇ, ನಿಮ್ಮನ್ನು ನೋಡಿಕೊಂಡವರೂ ಹೀಗೆಯೇ ಲೆಕ್ಕ ಇಟ್ಟಿದ್ದರು. ನಿಮಗೆ ಮಾತು ಬರುವ ಮೊದಲು, ಇವತ್ತು ಹೋಯಿತಾ, ಎಷ್ಟು ಸಲ, ಯಾವ ಬಣ್ಣ ಎಂದು ನಿಮ್ಮ ಅಮ್ಮ ಅಜ್ಜಿಗೆ ಫೋನ್ ಮಾಡಿ ಹೇಳಿದ್ದಾರೆ, ಕೇಳಿ ನೋಡಿ. ಅದರ ಬಗ್ಗೆ ಯಾರೂ ಲೇಖನ ಬರೆಯುವುದಿಲ್ಲ ಅಷ್ಟೇ. ಮಾತು ಬಾರದವರನ್ನು ನೋಡಿಕೊಳ್ಳುವುದೆಂದರೆ ಹೆಚ್ಚಿನ ದಿನಗಳಲ್ಲಿ ಇದೇ ಕೆಲಸ, ಸ್ವಲ್ಪ ವಾಸನೆಯ ಕೆಲಸ.

ಬೆಲ್ಲನ ಸೊಂಟ ನೇರವಾಗಿಲ್ಲ, ಆಗುವುದೂ ಇಲ್ಲ. ಕಳೆದ ಚಳಿಗಾಲದಲ್ಲಿ ಮತ್ತೊಮ್ಮೆ ಆಸ್ಪತ್ರೆಗೆ ಹೋಗಿ ಬಂದ, ಈ ಸಲ ಎರಡನೆಯ ದಿನವೇ ಕರೆದೊಯ್ದದ್ದರಿಂದ ಸಂಜೆಗೆ ಮನೆಗೆ ಬಂದ. ಇದನ್ನು ಬರೆಯುತ್ತಿರುವಾಗ ಅವನು ಕಿಟಕಿಯ ಬಳಿ ಬಿಸಿಲಿನಲ್ಲಿ ಮಲಗಿದ್ದಾನೆ. ಇಂದಿನ ಚೌಕದಲ್ಲಿ ಮಗಳ ಅಕ್ಷರ: "ಕ ೧, ಉ ೩."